ಅದ್ಭುತಕಥೆಯ ಗುಣದೋಷ

ಬೈರಾಪಟ್ಟಣವಿರುವ ಚನ್ನಪಟ್ಟಣದ ಸೀಮೆಯು ಅರಗಿನ ಬಣ್ಣದ ಮರದ ಗೊಂಬೆಗಳಿಗೆ ಹೆಸರಾದುದು. ಆಲೆಮರದಿಂದ ಮಾಡಿದ ಪುಟ್ಟ ಕುದುರೆಯ ಕಾಲಡಿಯಲ್ಲಿ ಚಕ್ರಗಳಿರುತ್ತವೆ. ಕುದುರೆಗೆ ಚಕ್ರವುಂಟೇ ಎಂದು ಯಾವ ಮಗುವೂ ಕೇಳುವುದಿಲ್ಲ. ಆದರೆ ಚಕ್ರ ತಿರುಗದಿದ್ದರೆ ಆ ಗೊಂಬೆಯನ್ನು ಮೂಲೆಗೆ ಎಸೆಯುತ್ತದೆ. ಅದ್ಭುತಕಥೆಗಳನ್ನು ಕುರಿತು ಓದುಗರು ವಾದಿಸುವಾಗ ಈ ವಿವೇಕ ಎಷ್ಟೋ ವೇಳೆ ಮರೆತುಹೋಗುತ್ತದೆ. ಒಬ್ಬನು ಮೆಚ್ಚಿ ಸೂಚಿಸಿದ ಗ್ರಂಥವನ್ನು ಇನ್ನೊಬ್ಬನು, "ಇದೆಲ್ಲ ನಡೆಯುವ ಮಾತೇ?" ಎಂದು ತಳ್ಳಿಹಾಕುತ್ತಾನೆ.

ಹಾಗೆ ತಳ್ಳುವುದಾದರೆ 'ಕಾದಂಬರಿ' ಎಂಬ ಹೆಸರನ್ನೇ ನಾವು ಬಿಡಬೇಕಾದೀತು. ಏಳನೆಯ ಶತಮಾನದಲ್ಲಿ ಹರ್ಷನ ಆಶ್ರಯದಲ್ಲಿದ್ದ ಬಾಣಭಟ್ಟನು ಸಂಸ್ಕೃತ ಗದ್ಯದಲ್ಲಿ ರಚಿಸಿದ ಕಥೆಯ ನಾಯಿಕೆ ಕಾದಂಬರಿ. ಅವಳ ಹೆಸರೇ ಆ ಗ್ರಂಥಕ್ಕೂ, ಮುಂದೆ ಕನ್ನಡದಲ್ಲಿ ಆ ಸಾಹಿತ್ಯಪ್ರಕಾರಕ್ಕೂ ಬಂದಿತು. ಅದರಲ್ಲಿ ಗಿಳಿಯೊಂದು ಶೂದ್ರಕರಾಜನ ಸಭೆಗೆ ಬಂದು ಮಾತನಾಡುತ್ತದೆ. ಚಂದ್ರನೇ ಚಂದ್ರಾಪೀಡನೆಂಬ ರಾಜಕುಮಾರನಾಗಿ ಹುಟ್ಟಿರುತ್ತಾನೆ. ಅವನು ಪ್ರಾಣಬಿಟ್ಟರೂ ದೇಹ ಕೆಡುವುದಿಲ್ಲ. ಅಸಂಭವವೆಂದರೆ ಎಲ್ಲವೂ ಅಸಂಭವವೇ. ಆದರೆ ಅಲ್ಲಿನ ಅದ್ಭುತಗಳು ಕಾರಣವಿಲ್ಲದೆ ಉದುರಿದವಲ್ಲ. ವಿರಹದಿಂದ ಸಾಯುತ್ತಿದ್ದ ಪುಂಡರೀಕನು ಚಂದ್ರನನ್ನು ಶಪಿಸುತ್ತಾನೆ. ಚಂದ್ರನು ಮರುಶಾಪ ಕೊಡುತ್ತಾನೆ. ಇಬ್ಬರ ಮರುಹುಟ್ಟುಗಳೂ ಆ ಶಾಪಗಳ ಲೆಕ್ಕದಂತೆಯೇ ನಡೆಯುತ್ತವೆ. ಚಕ್ರ ತಿರುಗುತ್ತದೆ.

ದೋಷವನ್ನು ಬೇರೆಡೆಯಲ್ಲಿ ಹುಡುಕಬೇಕು. ಗಿಳಿಯು ತನ್ನ ಕಥೆ ಹೇಳುತ್ತದೆ. ಅದರೊಳಗೆ ಜಾಬಾಲಿಮುನಿ ಹೇಳಿದ ಕಥೆ. ಅದರೊಳಗೆ ಮಹಾಶ್ವೇತೆಯ ಕಥೆ. ಈಗ ಮಾತನಾಡುತ್ತಿರುವವರು ಯಾರೆಂಬುದೇ ಓದುಗನಿಗೆ ಮರೆತುಹೋಗುತ್ತದೆ. ವಿಂಧ್ಯಾಟವಿಯ ವರ್ಣನೆಯಲ್ಲಿ ಸಮಾಸಗಳು ಒಂದಕ್ಕೊಂದು ಹೆಣೆದುಕೊಂಡು, ಕ್ರಿಯಾಪದ ಸಿಗುವ ಹೊತ್ತಿಗೆ ಉಸಿರು ಕಟ್ಟುತ್ತದೆ. ಇದು ನ್ಯಾಯವಾದ ದೂರು. ಒಂದನೆಯ ನಾಗವರ್ಮನು ಈ ಗ್ರಂಥವನ್ನು 'ಕರ್ಣಾಟಕ ಕಾದಂಬರಿ'ಯೆಂಬ ಚಂಪೂಕಾವ್ಯವನ್ನಾಗಿ ಕನ್ನಡಕ್ಕೆ ತಂದಾಗ ಕಥೆಯನ್ನು ಉಳಿಸಿಕೊಂಡು ವರ್ಣನೆಗಳನ್ನು ಬಹುಮಟ್ಟಿಗೆ ಸಂಗ್ರಹಿಸಿದನು. ಗಿಳಿಯನ್ನು ಮಾತ್ರ ಅವನು ಹಾರಿಸಿಬಿಡಲಿಲ್ಲ! ಮೆಚ್ಚಿದವನೇ ಕೊರತೆಯನ್ನು ಕಂಡು ತಿದ್ದಿದುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮ್ಮಲ್ಲಿ ವಿರಳ.

ಕವಿ ತಾನೇ ತಿದ್ದಿಕೊಳ್ಳುವಂತೆ ಕೇಳುಗರು ಒತ್ತಾಯಿಸುವುದೂ ಉಂಟು. ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆ ಲಕ್ಷ್ಮೀನಾರಾಯಣನ (1870–1901) 'ಶ್ರೀರಾಮಾಶ್ವಮೇಧ'ದಲ್ಲಿ ಕಥೆ ಕೇಳುವವಳು ಮಡದಿ ಮನೋರಮೆ. ಯಜ್ಞದ ಕುದುರೆಯ ಹಿಂದೆ ಸೈನ್ಯವೇ ಸಾಗುವ ಆ ಪುರಾಣಕಥೆಯ ಅದ್ಭುತಗಳು ಅವಳಿಗೆ ಹೊರೆಯಲ್ಲ. ಗಂಡನ ಸಂಸ್ಕೃತದ ಭಾರವೇ ಹೊರೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಬಿಗಿಯಾದ ಮಾತು ಬಂದರೆ ತಡೆದು ನಿಲ್ಲಿಸುತ್ತಾಳೆ, ಹಾಸ್ಯ ಮಾಡುತ್ತಾಳೆ. ಮುದ್ದಣನು ಕೆಲವೊಮ್ಮೆ ಮುನಿದಂತೆ ನಟಿಸಿ, ಮಾತನ್ನು ತಿಳಿಗೊಳಿಸಿ, ಬಿಟ್ಟಲ್ಲಿಂದ ಮತ್ತೆ ಮುಂದುವರಿಸುತ್ತಾನೆ.