ಶರಣೆಯರ ಅಂಕಿತ ಕಛೇರಿಯಲ್ಲಿ ಕೇಳಲಿ

ಬಸವಕಲ್ಯಾಣಕ್ಕೆ ಹೋದವರು ಅಕ್ಕನಾಗಮ್ಮನ ಗವಿಗೂ ಹೋಗಿ ಬರುತ್ತಾರೆ. ಬಸವಣ್ಣನ ಅಕ್ಕ, ಚೆನ್ನಬಸವಣ್ಣನ ತಾಯಿ ಎಂದು ಕೈಮುಗಿಯುತ್ತಾರೆ. ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂಬ ಅಂಕಿತದಲ್ಲಿ ಅವಳೂ ವಚನ ಕಟ್ಟಿದಳು. ಆ ಅಂಕಿತ ಮಾತ್ರ ಸಂಗೀತ ಕಛೇರಿಗಳಲ್ಲಿ ಕಿವಿಗೆ ಬೀಳುವುದೇ ಅಪರೂಪ.

12ನೇ ಶತಮಾನದ ಶರಣ ಚಳವಳಿಯಲ್ಲಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದರು. ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ಅಂಕಿತದಲ್ಲಿ ಗುಮ್ಮೇಶ್ವರನನ್ನು ಕರೆದಳು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ತಿದ್ದಿದ ಲಕ್ಕಮ್ಮನ ವಚನಗಳು ಅಮರೇಶ್ವರಲಿಂಗನ ಹೆಸರಲ್ಲಿ ಮುಗಿಯುತ್ತವೆ. ಸತ್ಯಕ್ಕನದು ‘ಶಂಭುಜಕ್ಕೇಶ್ವರ’. ಸೂಳೆ ಸಂಕವ್ವೆಯದು ಉಳಿದಿರುವುದೇ ಒಂದು ವಚನ, ಅಂಕಿತ ‘ನಿರ್ಲಜ್ಜೇಶ್ವರ’. ಎಂಥ ಎದೆಗಾರಿಕೆ! ಇಷ್ಟು ಜನರಲ್ಲಿ ಗಾಯಕರ ನಾಲಿಗೆಯ ಮೇಲೆ ನೆಲೆನಿಂತವಳು ಅಕ್ಕಮಹಾದೇವಿ. ವಚನಗಳ ಜೊತೆಗೆ ಸ್ವರವಚನಗಳೂ, ಹಾಡಲೆಂದೇ ಇರುವ ತ್ರಿಪದಿಯಲ್ಲಿ ‘ಯೋಗಾಂಗ ತ್ರಿವಿಧಿ’ಯೂ ಅವಳ ಹೆಸರಲ್ಲಿವೆ.

ಅದೇ ಶತಮಾನದಲ್ಲಿ ಜರ್ಮನಿಯ ರೈನ್ ನದಿ ಸೀಮೆಯಲ್ಲಿ ಹಿಲ್ಡೆಗಾರ್ಡ್ (1098–1179) ಎಂಬ ಸನ್ಯಾಸಿನಿ ದೇವರ ಹಾಡು ಕಟ್ಟುತ್ತಿದ್ದಳು. ಅವು ಸ್ವರಲಿಪಿಯೊಡನೆ ಉಳಿದವು. ಇಂದು ಜಗತ್ತು ಅವಳನ್ನು ಸಂಗೀತ ರಚನಕಾರ್ತಿಯೆಂದೇ ಗೌರವಿಸುತ್ತದೆ. ನಮ್ಮ ಶರಣೆಯರ ಮಾತು ತಾಳೆಗರಿಯಲ್ಲಿ ಉಳಿಯಿತು, ಮಟ್ಟು ಉಳಿಯಲಿಲ್ಲ. ಹಾಗಾಗಿ ವಚನ ಹಾಡುವವರು ರಾಗವನ್ನು ತಾವೇ ಹುಡುಕಬೇಕು. ಕಳೆದ ಶತಮಾನದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಆ ದಾರಿ ಹಾಕಿಕೊಟ್ಟರು. ಇಂದು ಲಕ್ಕಮ್ಮನ ವಚನಕ್ಕೆ ಹೊಸ ರಾಗ ಕೂಡಿಸುವ ಗಾಯಕಿಯೂ ರಚನಕಾರ್ತಿಯೇ. ಆ ಮಾನ ಅವಳಿಗೆ ಸಲ್ಲಬೇಕು.

ಇಂಥ ಹಾಡಿಕೆಗೆ ಬಸವಕಲ್ಯಾಣದ ಸೀಮೆಗಿಂತ ತಕ್ಕ ಜಾಗ ಯಾವುದು? ಪಕ್ಕದ ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಸ್ವತಃ ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ಕಟ್ಟಿದವರು. ದತ್ತ ಜಯಂತಿಯ ದರ್ಬಾರಿನಲ್ಲಿ ಸಂಗೀತ ಸೇವೆ ಇಂದಿಗೂ ನಡೆಯುತ್ತದೆ. ಹಾಡು ಕೇಳಿ ಬೆಳೆದ ಊರದು. ಕಲ್ಯಾಣದ ಶರಣೆಯರ ವಚನಗಳಿಗೇ ಮೀಸಲಾದ ಒಂದು ಇರುಳು ಈ ಎರಡು ಊರುಗಳ ನಡುವೆ ಏರ್ಪಡಲಿ. ಗಾಯಕಿಯರು ತಮ್ಮದೇ ರಾಗದಲ್ಲಿ ಹಾಡಲಿ. ಹಾಡಿದ್ದಕ್ಕೆ ಸ್ವರಲಿಪಿ ಬರೆದು, ವಚನ ಯಾರದು, ರಾಗ ಕೂಡಿಸಿದವರು ಯಾರು ಎಂದು ಎರಡೂ ಹೆಸರು ದಾಖಲಿಸಲಿ. ಎಂಟುನೂರು ವರ್ಷದ ಹಿಂದೆ ಕಳೆದುಹೋದ ಮಟ್ಟುಗಳು ಮರಳಲಾರವು. ಈಗ ಹುಟ್ಟುವವನ್ನಾದರೂ ಕಳೆದುಕೊಳ್ಳದಿರೋಣ.