ಬೆಣ್ಣೆಹಣ್ಣಿನ ಬೆನ್ನುಹತ್ತಿದ ಕ್ವೆಟ್ಜಲ್

ಕೋಸ್ಟರಿಕದ ಮೊಂಟೆವರ್ಡೆ ಬೆಟ್ಟಗಳಲ್ಲಿ ಮೋಡ ಮರಗಳ ನೆತ್ತಿಯವರೆಗೂ ಇಳಿದುಬರುತ್ತದೆ. ಪಾಚಿ ಮೆತ್ತಿದ ಕೊಂಬೆಯ ಮೇಲೆ ಗಂಡು ಕ್ವೆಟ್ಜಲ್ ಅಲುಗಾಡದೆ ಕೂತಿದ್ದರೆ, ಅದರ ಹಸಿರು ಬೆನ್ನು ಎಲೆಗಳ ನಡುವೆ ಗುರುತೇ ಸಿಗುವುದಿಲ್ಲ. ಥಟ್ಟನೆ ಹಾರಿ, ಹಣ್ಣಿನ ಗೊಂಚಲಿನ ಮುಂದೆ ರೆಕ್ಕೆ ಬಡಿಯುತ್ತ ಕ್ಷಣಕಾಲ ನಿಂತು, ಒಂದನ್ನು ಕಿತ್ತುಕೊಂಡು ಕೊಂಬೆಗೆ ಮರಳುವಾಗಲೇ ಅದರ ಕಡುಗೆಂಪು ಹೊಟ್ಟೆ ಕಣ್ಣಿಗೆ ಬೀಳುವುದು. ಹಿಂದೆಯೇ ತೇಲಿಬರುವ ಆ ನೀಳ ಗರಿಗಳೂ.

ಕ್ವೆಟ್ಜಲ್‌ಗಳ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಫಾರೊಮ್ಯಾಕ್ರಸ್. ಇದರಲ್ಲಿ ಐದು ಪ್ರಭೇದಗಳಿವೆ. ಒಂದು ಮಾತ್ರ ಅಮೆಜಾನಿನ ತಗ್ಗುಕಾಡಿನದು, ಉಳಿದವೆಲ್ಲ ಮಲೆಯ ಹಕ್ಕಿಗಳು. ಮೊಂಟೆವರ್ಡೆಯ ಪ್ರಭೇದ ದಕ್ಷಿಣ ಮೆಕ್ಸಿಕೊದಿಂದ ಪಶ್ಚಿಮ ಪನಾಮದವರೆಗೆ ಸಿಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಕಾಕರಣೆ ಹಕ್ಕಿಯೂ ಕ್ವೆಟ್ಜಲ್‌ನಂತೆ ಟ್ರೋಗನ್ ಕುಟುಂಬದ್ದು. ಕಾಲು ನೋಡಿದರೆ ನಂಟು ತಿಳಿಯುತ್ತದೆ: ಒಂದನೆಯ ಮತ್ತು ಎರಡನೆಯ ಬೆರಳು ಹಿಂದಕ್ಕೆ ತಿರುಗಿರುತ್ತವೆ. ಮರಕುಟಿಗಕ್ಕೂ ಎರಡು ಬೆರಳು ಹಿಂದಕ್ಕಿವೆ, ಆದರೆ ಅವು ಒಂದನೆಯದು ಮತ್ತು ನಾಲ್ಕನೆಯದು. ಟ್ರೋಗನ್‌ಗಳ ಈ ಜೋಡಣೆ ಬೇರೆ ಯಾವ ಹಕ್ಕಿಗೂ ಇಲ್ಲ. ಊಟದಲ್ಲಿ ಮಾತ್ರ ದಾಯಾದಿಗಳ ದಾರಿ ಬೇರೆಯಾಗಿದೆ. ಕಾಕರಣೆ ಹೆಚ್ಚಾಗಿ ಹುಳುಹುಪ್ಪಟೆಗಳನ್ನು ನಂಬಿದೆ, ಕ್ವೆಟ್ಜಲ್ ಹಣ್ಣನ್ನು.

ಗಂಡಿನ ಉದ್ದನೆಯ ಗರಿಗಳನ್ನು ಎಲ್ಲರೂ ಬಾಲವೆನ್ನುತ್ತಾರೆ. ನಿಜವಾದ ಬಾಲ ಅವುಗಳ ಕೆಳಗಿರುತ್ತದೆ. ಇವು ಬಾಲವನ್ನು ಮುಚ್ಚುವ ಹೊದಿಕೆ ಗರಿಗಳು, ಹಕ್ಕಿಯ ಮೈಗಿಂತಲೂ ಉದ್ದವಾಗಿ ಬೆಳೆಯುತ್ತವೆ. ಆ ಹಸಿರಿಗೆ ಹಸಿರು ಬಣ್ಣದ ವಸ್ತುವೇ ಕಾರಣವಲ್ಲ. ಗರಿಯ ಎಳೆಗಳೊಳಗೆ ಪದರಪದರವಾಗಿ ಜೋಡಣೆಯಾದ ಮೆಲನಿನ್ ಕಣಗಳು ಬೆಳಕನ್ನು ಹಿಂದಿರುಗಿಸುವ ಬಗೆಯಿಂದ ಅದು ಮೂಡುತ್ತದೆ. ನೋಟದ ಕೋನ ಬದಲಾದಂತೆ ನೀಲಿಗೂ ಹೊನ್ನಿಗೂ ಹೊರಳುತ್ತದೆ. ಮಾಯಾ ಮತ್ತು ಆಜ್ಟೆಕ್ ಜನರಲ್ಲಿ ಈ ಗರಿ ಅರಸರ, ದೇವರ ಸೊತ್ತಾಗಿತ್ತು. ಆಜ್ಟೆಕ್ ದೊರೆ ಮೊಕ್ಟೆಜುಮನದೆಂದು ಹೇಳಲಾಗುವ, ನೂರಾರು ಕ್ವೆಟ್ಜಲ್ ಗರಿಗಳ ಶಿರೋಭೂಷಣ ಇಂದು ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಗ್ವಾಟೆಮಾಲಾದಲ್ಲಿ ಈ ಹಕ್ಕಿ ರಾಷ್ಟ್ರಧ್ವಜದಲ್ಲೂ ಇದೆ, ನಾಣ್ಯದ ಹೆಸರಿನಲ್ಲೂ ಇದೆ.

ಇಷ್ಟು ಗೌರವ ಪಡೆದ ಹಕ್ಕಿಯ ಬದುಕು ನಿಂತಿರುವುದು ನಿಂಬೆಗಿಂತ ಚಿಕ್ಕದಾದ ಕಾಡು ಬೆಣ್ಣೆಹಣ್ಣುಗಳ ಮೇಲೆ. ಇವುಗಳ ಮರಗಳು ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದವು. ನಥಾನಿಯಲ್ ವ್ಹೀಲ್‌ರೈಟ್ 1983ರಲ್ಲಿ ಪ್ರಕಟಿಸಿದ ಮೊಂಟೆವರ್ಡೆ ಅಧ್ಯಯನ ಈ ಅವಲಂಬನೆಯನ್ನು ವಿವರವಾಗಿ ತೋರಿಸಿತು. ಕ್ವೆಟ್ಜಲ್ ಹಣ್ಣನ್ನು ಇಡಿಯಾಗಿ ನುಂಗುತ್ತದೆ, ಎಣ್ಣೆಯಂಶ ತುಂಬಿದ ತೆಳು ತಿರುಳನ್ನು ಹೊಟ್ಟೆಯಲ್ಲಿ ಉಳಿಸಿಕೊಂಡು ದಪ್ಪ ಬೀಜವನ್ನು ಬಾಯಿಂದಲೇ ಹೊರಹಾಕುತ್ತದೆ. ಅಷ್ಟು ದೊಡ್ಡ ಬೀಜ ನುಂಗಬಲ್ಲ ಹಕ್ಕಿಗಳು ಆ ಕಾಡಿನಲ್ಲಿ ಕೆಲವೇ. ಹಾಗಾಗಿ ಮರಗಳಿಗೂ ಕ್ವೆಟ್ಜಲ್ ಬೇಕು.

ಗೂಡಿಗೆ ಬೇಕಾದದ್ದು ಸತ್ತು ಕೊಳೆಯುತ್ತಿರುವ ಮರ. ಹಕ್ಕಿಯ ಕೊಕ್ಕಿಗೆ ಗಟ್ಟಿ ಮರ ಕೊರೆಯುವ ಬಲವಿಲ್ಲ. ಗಂಡೂ ಹೆಣ್ಣೂ ಸರದಿಯಲ್ಲಿ ಕಾವು ಕೂರುತ್ತವೆ. ಗಂಡಿನ ಸರದಿಯಲ್ಲಿ ಪೊಟರೆಯ ಬಾಯಿಂದ ಹಸಿರು ಗರಿಗಳ ತುದಿ ಹೊರಗೆ ತೂಗಾಡುತ್ತಿರುತ್ತದೆ. ಒಣಮರವನ್ನು ಕಡಿದು ಕಾಡನ್ನು ‘ಸ್ವಚ್ಛ’ಗೊಳಿಸಿದರೆ ಹಕ್ಕಿಗೆ ಮನೆಯೇ ಹೋದಂತೆ.

ಇನ್ನೂ ದೊಡ್ಡ ತೊಡಕು ಹಣ್ಣಿನ ಋತುವಿನದು. ಒಂದೇ ಎತ್ತರದ ಕಾಡಿನಲ್ಲಿ ವರ್ಷವಿಡೀ ಹಣ್ಣು ಸಿಗುವುದಿಲ್ಲ. ಜಾರ್ಜ್ ಪವೆಲ್ ಮತ್ತು ರಾಬಿನ್ ಬ್ಯೋರ್ಕ್ ಹಕ್ಕಿಗಳಿಗೆ ಪುಟ್ಟ ರೇಡಿಯೊ ಕಟ್ಟಿ ಹಿಂಬಾಲಿಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಿ ಮಾಡಿ ಮುಗಿಸಿದ ಕ್ವೆಟ್ಜಲ್‌ಗಳು ಮೊದಲು ಪೆಸಿಫಿಕ್ ಕಡೆಯ ಇಳಿಜಾರಿಗೆ, ಆಮೇಲೆ ಬೆಟ್ಟದ ನೆತ್ತಿ ದಾಟಿ ಅಟ್ಲಾಂಟಿಕ್ ಕಡೆಯ ಇಳಿಜಾರಿಗೆ ಹೋಗುತ್ತಿದ್ದವು. ಬೆಟ್ಟದ ಮೇಲಿನ ಕಾಡಿಗಷ್ಟೇ ಬೇಲಿ ಹಾಕಿ ಕಾದರೆ ಸಾಲದು ಎಂಬುದು ಅಲ್ಲಿಗೆ ಖಚಿತವಾಯಿತು. ಪೆಸಿಫಿಕ್ ಇಳಿಜಾರಿನಲ್ಲಿ ಅವು ತಿಂಗಳುಗಟ್ಟಲೆ ಆಶ್ರಯಿಸುತ್ತಿದ್ದದ್ದು ರೈತರ ಹುಲ್ಲುಗಾವಲುಗಳ ನಡುವೆ ಉಳಿದಿದ್ದ ಕಾಡಿನ ತುಣುಕುಗಳನ್ನು. ಅದೇ ಹಣ್ಣುಗಳಿಗಾಗಿ ಅಲೆಯುವ ಗಂಟೆಹಕ್ಕಿಯ ಹೆಸರಿನಲ್ಲಿ ಈಗ ಮೊಂಟೆವರ್ಡೆಯಿಂದ ನಿಕೋಯಾ ಕೊಲ್ಲಿಯವರೆಗೆ ಜೈವಿಕ ಕಾರಿಡಾರ್ ಗುರುತಿಸಲಾಗಿದೆ. ತುಂಡಾದ ಇಳಿಜಾರಿನ ಕಾಡನ್ನು ಮತ್ತೆ ಹೆಣೆಯುವ ಕೆಲಸ ಅಲ್ಲಿ ನಡೆಯುತ್ತಿದೆ.