ದುಡಿದ ದುಡ್ಡಿಗೆ ಲೆಕ್ಕ ಇರಲಿ



ಕಳೆದ ವಾರ ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಗೇಟಿನ ಹತ್ತಿರ ಒಬ್ಬ ಹುಡುಗ ಕಾಯುತ್ತಿದ್ದ. ಕಲಬುರಗಿ ಕಡೆಯವನು, ಪುಣೆಯಲ್ಲಿ ಊಟದ ಡೆಲಿವರಿ ಕೆಲಸ. "ಅಕ್ಕಾರ, ಮೂರು ದಿನಾ ಆತು, ಐಡಿ ಬಂದ್ ಮಾಡ್ಯಾರ. ವಾರದ ರೊಕ್ಕಾನೂ ಬಂದಿಲ್ಲ. ಯಾರನ್ನ ಕೇಳಬೇಕ್ರೀ?" ಎಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ತಿಳಿದವರನ್ನು ಕೇಳಿ, ಓದಿ, ನಿಮಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಪುಣೆಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿಯ ಹಮಾಲರಿಗೂ ಇದೇ ಕಷ್ಟವಿತ್ತು. ಹತ್ತು ಅಂಗಡಿಯ ಮೂಟೆ ಹೊತ್ತರೂ 'ಇವನು ನಮ್ಮ ಕೆಲಸಗಾರ' ಎನ್ನುವ ಮಾಲೀಕ ಒಬ್ಬನೂ ಇರಲಿಲ್ಲ. ಡಾ. ಬಾಬಾ ಆಢಾವ್ ಅವರು ಹಮಾಲ್ ಪಂಚಾಯತ್ ಕಟ್ಟಿ ಇವರನ್ನು ಒಗ್ಗೂಡಿಸಿದರು. 1969ರಲ್ಲಿ ಮಹಾರಾಷ್ಟ್ರದ ಮಾಥಾಡಿ ಕಾಯ್ದೆ ಬಂತು. ವ್ಯಾಪಾರಿ ಕೂಲಿಯ ಜೊತೆಗೆ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಮಂಡಳಿ ಕೂಲಿ ಕೊಡುತ್ತದೆ. ಲೆವಿಯಿಂದ ಭವಿಷ್ಯನಿಧಿ, ಔಷಧೋಪಚಾರದಂಥ ಸೌಲಭ್ಯ ಸಿಗುತ್ತವೆ. ಮಾಲೀಕ ಒಬ್ಬನೇ ಇಲ್ಲದಿದ್ದರೂ ಲೆಕ್ಕದ ಪುಸ್ತಕ ಒಂದೇ ಇತ್ತು. ಬಾಬಾ 2025ರ ಡಿಸೆಂಬರ್‌ನಲ್ಲಿ, 95ನೇ ವಯಸ್ಸಿನಲ್ಲಿ ಪುಣೆಯಲ್ಲೇ ತೀರಿಕೊಂಡರು.

ಡೆಲಿವರಿ ಹುಡುಗರನ್ನು ಕಂಪನಿಗಳು ನೌಕರರೆನ್ನದೆ 'ಪಾಲುದಾರ' ಎನ್ನುತ್ತವೆ. ಆ ಒಂದು ಪದದಿಂದಲೇ ಪಿಎಫ್, ರಜೆ ಎಲ್ಲ ತಪ್ಪಿಹೋಗುತ್ತವೆ. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇವರ ಹೆಸರಿದೆ. ಕಂಪನಿ ತನ್ನ ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಇವರ ಕಲ್ಯಾಣ ನಿಧಿಗೆ ಕೊಡಬೇಕು. ಅದು ಇವರಿಗೆ ಪಾವತಿಸುವ ಮೊತ್ತದ ಶೇ. 5 ಮೀರುವಂತಿಲ್ಲ. ನೆನಪಿರಲಿ, ಒಂದು ಆರ್ಡರಿಗೆ ಎಷ್ಟು ಎಂಬುದನ್ನು ಈ ಸಂಹಿತೆ ನಿಗದಿ ಮಾಡುವುದಿಲ್ಲ.

ನಮ್ಮ ಕರ್ನಾಟಕದ 2025ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ 14 ದಿನಗಳ ನೋಟಿಸು ಕೊಡಬೇಕು, ಕಾರಣವನ್ನು ಬರಹದಲ್ಲಿ ಹೇಳಬೇಕು. ಆದರೆ ಅದು ಕರ್ನಾಟಕದಲ್ಲಿ ದುಡಿಯುವವರಿಗೆ. ಆಧಾರ್ ಕಲಬುರಗಿಯದ್ದಾದರೂ ಬೈಕು ಓಡುವುದು ಪುಣೆಯಲ್ಲಾದರೆ ಅದು ಅನ್ವಯಿಸದು.

ಹಾಗಾದರೆ ನೀವು ಏನು ಮಾಡಬಹುದು?

ಮೊದಲು ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, 12 ಅಂಕಿಯ ಸಂಖ್ಯೆ ಪಡೆಯಿರಿ. ಸರ್ಕಾರದ ಸೌಲಭ್ಯಗಳಿಗೆ ಅದೇ ಬಾಗಿಲು.

ಪ್ರತಿ ರಾತ್ರಿ ಐದು ನಿಮಿಷ ಕೊಟ್ಟು ಆರ್ಡರು, ಕಿಲೋಮೀಟರು, ಪೆಟ್ರೋಲು, ಕೈಗೆ ಬಂದ ಹಣ ಬರೆದಿಡಿ. ಇನ್ಸೆಂಟಿವ್ ತೋರಿಸಿದ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಐಡಿ ಬಂದ್ ಆದರೆ ಆ್ಯಪ್ ತೆರೆಯದೆಯೂ ಹೋಗಬಹುದು. ಆಮೇಲೆ ತೆಗೆಯೋಣ ಎನ್ನಬೇಡಿ.

ದೂರನ್ನು ಬಾಯಲ್ಲಿ ಹೇಳಿ ಬಿಡದೆ ಬರಹದಲ್ಲಿ ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಅಪಘಾತವಾದರೆ ಆಸ್ಪತ್ರೆಯ ಕಾಗದ, ಪೊಲೀಸರ ಕಾಗದ ಜೋಪಾನ.

ಯೂನಿಯನ್ ಸೇರುವಾಗ ನೋಂದಣಿ ಸಂಖ್ಯೆ ಕೇಳಿ, ವಂತಿಗೆಗೆ ರಸೀದಿ ಪಡೆಯಿರಿ. ಒಬ್ಬನ ಕಡಿತ ತಾಂತ್ರಿಕ ದೋಷವೆನಿಸಿಕೊಳ್ಳುತ್ತದೆ. ಐವತ್ತು ಜನರ ಲೆಕ್ಕ ಒಟ್ಟಿಗೆ ಇಟ್ಟರೆ ಹಾಗೆ ಹೇಳಿ ಕಳಿಸುವುದು ಕಷ್ಟ.

ಆ ಹುಡುಗನ ಬಳಿ ಒಂದು ಸ್ಕ್ರೀನ್‌ಶಾಟೂ ಇರಲಿಲ್ಲ. ವಾರದ ದುಡಿಮೆಯೆಲ್ಲ ಬರೀ ನೆನಪಿನಲ್ಲಿತ್ತು. ನಿಮ್ಮದು ಕಾಗದದಲ್ಲಿರಲಿ.

ಮತ್ತೆ ಆಕಾಶದ ಅಲೆಗಳಲ್ಲಿ ಸಿಗೋಣ. ಹೆಲ್ಮೆಟ್ ಮರೆಯಬೇಡಿ!